ಪೆಟ್ಟಿಗೆಯೊಳಗಿನ ಮಳೆಗಾಲ

ಜುಲೈ ತಿಂಗಳ ಒಂದು ರಾತ್ರಿ ಕಾರವಾರದಿಂದ ಅಕ್ಕನ ಮಗ ಫೋನ್ ಮಾಡಿದ. ‘ಮಾವ, ಜೇಡ ನೆಲಕ್ಕೆ ಕಾಲಿಡುತ್ತಿಲ್ಲ’ ಎಂದ. ಮೂರು ದಿನಗಳಿಂದ ಅದು ಪೆಟ್ಟಿಗೆಯ ಗೋಡೆಗೆ ಕಚ್ಚಿಕೊಂಡೇ ಇದೆಯಂತೆ; ಎದುರಿಗೆ ಬಿಟ್ಟ ಜಿರಳೆಯ ಕಡೆ ತಿರುಗಿಯೂ ನೋಡುವುದಿಲ್ಲವಂತೆ. ಅವನು ಸಾಕಿರುವುದು ಮೆಕ್ಸಿಕೊ ಮೂಲದ ಕೆಂಪು ಮೊಣಕಾಲಿನ ಟರಂಟುಲಾ. ಅಂಗೈಯಗಲದ ಕಪ್ಪು ಜೀವ, ಕಾಲಿನ ಗಂಟುಗಳಿಗೆ ಕುಂಕುಮ ಹಚ್ಚಿದಂಥ ಬಣ್ಣ. ಹೆಣ್ಣಾದರೆ, ಸರಿಯಾಗಿ ನೋಡಿಕೊಂಡರೆ, ಇಪ್ಪತ್ತು ವರ್ಷ ದಾಟಿ ಬದುಕುತ್ತದೆ. ಕೊಟ್ಟಿಗೆಯ ಹಸುವಿನಷ್ಟು ಆಯುಸ್ಸು. ಈ ಲೆಕ್ಕವನ್ನು ಅಕ್ಕನಿಗೆ ಹೇಳಿದ್ದು ನನ್ನದೇ ತಪ್ಪು. ಅವಳು ನನ್ನೊಡನೆ ಎರಡು ದಿನ ಮಾತು ಬಿಟ್ಟಿದ್ದಳು.

ನಾನು ಜೇಡಗಳ ತಜ್ಞನಲ್ಲ. ಶಿರಸಿಯಲ್ಲಿ ಇಪ್ಪತ್ತೆಂಟು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಆದರೆ ಅವನು ಕಳಿಸಿದ ಚಿತ್ರವನ್ನು ನೋಡಿದಾಗ, ಇದು ಜೀವಶಾಸ್ತ್ರದವರ ಬಳಿ ಹೋಗುವ ಮೊದಲು ನನ್ನ ಮೇಜಿಗೆ ಬರಬೇಕಾದ ಪ್ರಶ್ನೆ ಅನ್ನಿಸಿತು. ಪ್ಲಾಸ್ಟಿಕ್ ಪೆಟ್ಟಿಗೆಯ ಒಳಗೋಡೆಯಲ್ಲಿ ನೀರು ಇಳಿಯುತ್ತಿತ್ತು. ತೆಂಗಿನ ನಾರಿನ ಪುಡಿಯ ಮೇಲೆ ಬಿಳಿ ಬೂಷ್ಟು. ಮೂಲೆಯಲ್ಲಿ ಅಂಟಿಸಿದ ಆರ್ದ್ರತಾ ಮಾಪಕದ ಮುಳ್ಳು ನೂರರ ಹತ್ತಿರ. ಹುಡುಗ ತಪ್ಪೇನೂ ಮಾಡಿರಲಿಲ್ಲ, ಎಲ್ಲವನ್ನೂ ಸೂಚನೆಯ ಪ್ರಕಾರವೇ ಮಾಡಿದ್ದ. ‘ತೇವಾಂಶ ಶೇ. 70ರಿಂದ 80, ಉಷ್ಣತೆ 27 ಡಿಗ್ರಿ, ದಿನವೂ ನೀರು ಚಿಮುಕಿಸಿ, ಗಾಳಿಯ ರಂಧ್ರಗಳನ್ನು ಅರ್ಧ ಮುಚ್ಚಿ’ ಎಂದು ಅವನಿಗೆ ಸಿಕ್ಕಿದ ಸಾಕಣೆ ಸೂಚನೆಯಲ್ಲಿತ್ತು. ಅದನ್ನು ಬರೆದವರು ಚಳಿದೇಶದವರು. ಅವರ ಮನೆಗೆ ಅದು ಸರಿ. ಕಾರವಾರದ ಆಷಾಢಕ್ಕೆ ಅದು ವಿಳಾಸ ತಪ್ಪಿ ಬಂದ ಕಾಗದ.

ತರಗತಿಯಲ್ಲಿ ನಾನು ವರ್ಷವೂ ಹೇಳುತ್ತಿದ್ದ ಒಂದು ಮಾತಿದೆ: ಯಾರಾದರೂ ಶೇಕಡಾ ಎಂದರೆ, ಯಾವುದರ ಶೇಕಡಾ ಎಂದು ಕೇಳಿ. ಸಾಪೇಕ್ಷ ಆರ್ದ್ರತೆ ಎಂಬ ಅಂಕಿ ಗಾಳಿಯಲ್ಲಿ ಎಷ್ಟು ನೀರಿದೆ ಎಂಬುದನ್ನು ಹೇಳುವುದಿಲ್ಲ. ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಹುದಾದ ನೀರಾವಿಯಲ್ಲಿ ಎಷ್ಟು ಪಾಲು ಈಗಾಗಲೇ ತುಂಬಿದೆ ಎಂಬುದನ್ನಷ್ಟೇ ಹೇಳುತ್ತದೆ. ಹಿಡಿಯುವ ಸಾಮರ್ಥ್ಯವೋ, ಉಷ್ಣತೆಯ ಜೊತೆ ನಾಗಾಲೋಟದಲ್ಲಿ ಏರುತ್ತದೆ. 10 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 9.4 ಗ್ರಾಂ ನೀರಾವಿಯನ್ನು ಹಿಡಿದೀತು. 20 ಡಿಗ್ರಿಯಲ್ಲಿ 17.3 ಗ್ರಾಂ, 30 ಡಿಗ್ರಿಯಲ್ಲಿ 30.4 ಗ್ರಾಂ. ಹತ್ತು ಡಿಗ್ರಿ ಏರಿದರೆ ಪಾತ್ರೆ ಹೆಚ್ಚುಕಡಿಮೆ ಇಮ್ಮಡಿ ದೊಡ್ಡದಾಗುತ್ತದೆ. ಒಂದು ಕೊಡ ನೀರು ಬೋಗುಣಿಯನ್ನು ತುಂಬಿಸಿ ಚೆಲ್ಲುತ್ತದೆ. ಅದೇ ಕೊಡವನ್ನು ಬಚ್ಚಲಿನ ಹಂಡೆಗೆ ಸುರಿದರೆ ತಳ ಮುಚ್ಚಿ ಸ್ವಲ್ಪ ಮೇಲೆ ಬಂದರೆ ಹೆಚ್ಚು.

ಈಗ ಆ ಸೂಚನೆ ಬರೆದವನ ಮನೆಯನ್ನು ನೋಡೋಣ. ಹೊರಗೆ 5 ಡಿಗ್ರಿಯ ಚಳಿ, ಗಾಳಿ ಸಂಪೂರ್ಣ ತೇವದಿಂದ ತುಂಬಿದೆ ಎಂದೇ ಇಟ್ಟುಕೊಳ್ಳಿ. ಆದರೂ ಅದರಲ್ಲಿರುವುದು ಘನ ಮೀಟರಿಗೆ 6.8 ಗ್ರಾಂ ನೀರಾವಿ ಮಾತ್ರ. ಆ ಗಾಳಿಯನ್ನು ಒಳಗೆಳೆದು ಹೀಟರ್ ಹಚ್ಚಿ 25 ಡಿಗ್ರಿಗೆ ಏರಿಸಿದರೆ ಹಂಡೆಯ ಗಾತ್ರ 23 ಗ್ರಾಂ ಆಗುತ್ತದೆ, ತುಂಬಿದ್ದು ಮಾತ್ರ ಅದೇ 6.8. ಮಾಪಕ ಶೇ. 30 ತೋರಿಸುತ್ತದೆ. ಅಂಥ ಮನೆಯಲ್ಲಿ ಜೇಡದ ಮಣ್ಣು ಎರಡು ದಿನದಲ್ಲಿ ಬೂದಿಯಂತೆ ಒಣಗುತ್ತದೆ. ಅಲ್ಲಿ ನೀರು ಚಿಮುಕಿಸುವುದೂ ರಂಧ್ರ ಮುಚ್ಚುವುದೂ ಬುದ್ಧಿವಂತಿಕೆಯೇ.

ಕಾರವಾರದ ಜುಲೈಯಲ್ಲಿ ಮನೆಯೊಳಗೆ 26 ಡಿಗ್ರಿ, ಆರ್ದ್ರತೆ ಶೇ. 90 ಎಂದರೆ ಅತಿಶಯೋಕ್ತಿಯಲ್ಲ. ಲೆಕ್ಕ ಹಾಕಿ: ಸುಮಾರು 24 ಗ್ರಾಂ ಹಿಡಿಯುವ ಪಾತ್ರೆಯಲ್ಲಿ ಆಗಲೇ 22 ಗ್ರಾಂ ತುಂಬಿದೆ. ಹಪ್ಪಳ ಮೆತ್ತಗಾಗುವ, ಬೆಂಕಿಕಡ್ಡಿ ಗೀರಿದರೆ ಮದ್ದೇ ಕಿತ್ತುಬರುವ, ಬೀರುವಿನಲ್ಲಿಟ್ಟ ಚರ್ಮದ ಚಪ್ಪಲಿಗೆ ಹಸಿರು ಗಡ್ಡ ಬೆಳೆಯುವ ಕಾಲ ಅದು. ಅದರ ಮೇಲೆ ನನ್ನ ಅಳಿಯ ದಿನಕ್ಕೊಮ್ಮೆ ನೀರು ಚಿಮುಕಿಸುತ್ತಿದ್ದ. ಹೋಗಲು ದಾರಿಯಿಲ್ಲದ ನೀರು ಗೋಡೆಯ ಮೇಲೆ ಹನಿಯಾಗಿ, ಮಣ್ಣಿನಲ್ಲಿ ಕೆಸರಾಗಿ ನಿಂತಿತ್ತು. ಜೇಡ ಗೋಡೆ ಹತ್ತಿದ್ದು ಅದಕ್ಕೇ. ನೆಲದಲ್ಲಿ ವಾಸಿಸುವ ಟರಂಟುಲಾ ದಿನಗಟ್ಟಲೆ ಗೋಡೆಯ ಮೇಲೆ ಕುಳಿತರೆ, ಮೊದಲು ಅನುಮಾನಿಸಬೇಕಾದದ್ದು ನೆಲದ ಒದ್ದೆಯನ್ನು.

ಮಾಪಕದ ಮುಳ್ಳನ್ನು ನಂಬಬಹುದೇ ಎಂಬುದು ಬೇರೆಯೇ ಪ್ರಶ್ನೆ. ಅಗ್ಗದ ಮುಳ್ಳಿನ ಮಾಪಕಗಳು ಹತ್ತು ಹದಿನೈದು ಅಂಕ ಅತ್ತಿತ್ತ ಹೋಗುವುದು ಮಾಮೂಲು. ಇದನ್ನು ಮನೆಯಲ್ಲೇ ಪರೀಕ್ಷಿಸುವ ಸೊಗಸಾದ ವಿಧಾನವೊಂದಿದೆ, ಬೇಕಾದದ್ದು ಒಂದು ಚಮಚ ಉಪ್ಪು. ಬಾಟಲಿಯ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಒದ್ದೆ ಮರಳಿನಷ್ಟು ಹದವಾಗುವಂತೆ ಕೆಲವೇ ಹನಿ ನೀರು ಬಿಡಿ. ಕರಗಿ ನೀರಾಗಬಾರದು. ಅದನ್ನೂ ಮಾಪಕವನ್ನೂ ಗಾಳಿಯಾಡದ ಚೀಲದಲ್ಲಿಟ್ಟು ಒಂದು ದಿನ ಬಿಡಿ. ಉಪ್ಪಿನ ಪರ್ಯಾಪ್ತ ದ್ರಾವಣ, ಅಂದರೆ ಇನ್ನಷ್ಟು ಉಪ್ಪು ಕರಗಲಾರದಷ್ಟು ತುಂಬಿದ ನೀರು, ತನ್ನ ಸುತ್ತಲಿನ ಮುಚ್ಚಿದ ಗಾಳಿಯನ್ನು ಶೇ. 75ಕ್ಕೆ ತಂದು ನಿಲ್ಲಿಸುತ್ತದೆ. ಕೋಣೆ ಕೊಂಚ ಬಿಸಿಯಿರಲಿ ತಣ್ಣಗಿರಲಿ, ಈ ಅಂಕಿ ಹೆಚ್ಚು ಅಲುಗುವುದಿಲ್ಲ. ಮಾಪಕ 83 ತೋರಿಸಿದರೆ ಅದು ಎಂಟು ಅಂಕ ಬಡಾಯಿ ಕೊಚ್ಚುತ್ತಿದೆ ಎಂದರ್ಥ. ಆದರೆ ಈ ಪ್ರಯೋಗಕ್ಕೆ ನಮ್ಮ ಸಾಣಿಕಟ್ಟಾ ಉಪ್ಪು ಆಗದು. ಗದ್ದೆಯಲ್ಲಿ ಒಣಗಿಸಿದ ಕಡಲ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಬೆರೆತಿರುತ್ತದೆ, ಅದು ಶೇ. 33ರ ಸುಮಾರಿಗೇ ನೀರು ಹೀರಿಕೊಳ್ಳಲು ಶುರುಮಾಡುವ ಲವಣ. ಕುಮಟೆಯ ಕಡೆಯ ಮನೆಗಳಲ್ಲಿ ಉಪ್ಪಿನ ಭರಣಿ ಮಳೆ ಶುರುವಾಗುವ ಮೊದಲೇ ನೀರೊಡೆಯುವುದು ಇದರಿಂದಲೇ. ಊಟಕ್ಕೆ ಸಾಣಿಕಟ್ಟಾ, ಮಾಪಕಕ್ಕೆ ಪೊಟ್ಟಣದ ಉಪ್ಪು.

ಅಷ್ಟೆಲ್ಲ ಮಾಡಿ ಮಾಪಕವನ್ನು ಸರಿಪಡಿಸಿಕೊಂಡರೂ ಅದು ಹೇಳುವುದು ಅದು ಅಂಟಿಕೊಂಡಿರುವ ಮೂಲೆಯ ಸುದ್ದಿಯನ್ನು. ಜೇಡ ಇರುವುದು ಬೇರೆ ಕಡೆ. ಇದನ್ನು ಅರ್ಥ ಮಾಡಿಕೊಳ್ಳಲು ಅದರ ಮೈಯೊಳಗೆ ಒಮ್ಮೆ ಇಣುಕಬೇಕು.

ಟರಂಟುಲಾ ಉಸಿರಾಡುವುದು ಹೊಟ್ಟೆಯ ಅಡಿಭಾಗದಲ್ಲಿರುವ ಎರಡು ಜೊತೆ ಪುಸ್ತಕ ಶ್ವಾಸಕೋಶಗಳಿಂದ. ಹೆಸರೇ ಹೇಳುವಂತೆ ತೆಳ್ಳನೆಯ ಹಾಳೆಗಳನ್ನು ಜೋಡಿಸಿಟ್ಟ ಹಾಗಿನ ರಚನೆ. ಹಾಳೆಗಳ ನಡುವೆ ಗಾಳಿ, ಹಾಳೆಯೊಳಗೆ ರಕ್ತ. ಆಮ್ಲಜನಕ ಒಳಬರುವ ಈ ಒದ್ದೆ ದಾರಿಯಲ್ಲೇ ನೀರೂ ಹೊರಗೆ ಹೋಗುತ್ತದೆ. ಮೈಯ ಉಳಿದ ಭಾಗವನ್ನು ಮೇಣದ ಲೇಪವಿರುವ ಹೊರಕವಚ ಕಾಯುತ್ತದೆ. ಹಾಗಾಗಿ ದೊಡ್ಡ ಜೇಡ ನೀರನ್ನು ಕಳೆದುಕೊಳ್ಳುವುದು ಬಹಳ ನಿಧಾನ. ಮರಿಗಳ ಮಾತು ಬೇರೆ: ಮೈಯ ಗಾತ್ರಕ್ಕೆ ಹೋಲಿಸಿದರೆ ಅವುಗಳ ಮೇಲ್ಮೈ ಹೆಚ್ಚು, ಕವಚ ತೆಳು. ಕಡಲೆಕಾಳಿನಷ್ಟಿರುವ ಮರಿ ಒಂದು ಒಣವಾರದಲ್ಲಿ ಸತ್ತೇಹೋಗಬಹುದು.

ನೀರು ಕಡಿಮೆಯಾದರೆ ಮೊದಲು ಸೋಲುವುದು ಕಾಲು. ಜೇಡದ ಕಾಲಿನ ಮುಖ್ಯ ಗಂಟುಗಳಲ್ಲಿ ಮಡಚುವ ಸ್ನಾಯು ಇದೆ, ಚಾಚುವ ಸ್ನಾಯು ಇಲ್ಲ. ಚಾಚುವುದು ರಕ್ತದ ಒತ್ತಡದಿಂದ. ಹೆದ್ದಾರಿ 66ರ ಅಗಲೀಕರಣದಲ್ಲಿ ಜೆಸಿಬಿಯ ಕೈ ಎಣ್ಣೆಯ ಒತ್ತಡದಿಂದ ಚಾಚುವುದನ್ನು ಈ ಜಿಲ್ಲೆಯವರೆಲ್ಲ ಬೇಕಾದಷ್ಟು ನೋಡಿದ್ದೇವೆ, ತತ್ತ್ವ ಅದೇ. ಮೈಯಲ್ಲಿ ದ್ರವ ಕಡಿಮೆಯಾದರೆ ಒತ್ತಡ ಬೀಳುತ್ತದೆ, ಕಾಲುಗಳು ಒಂದೊಂದಾಗಿ ಮೈಯಡಿಗೆ ಮಡಚಿಕೊಳ್ಳುತ್ತವೆ. ಹೊಟ್ಟೆ ಒಣದ್ರಾಕ್ಷಿಯಂತೆ ಸುಕ್ಕುಗಟ್ಟುತ್ತದೆ. ಇಂಥ ಜೇಡ ಕಂಡರೆ ಗಾಳಿಯ ತೇವ ಹೆಚ್ಚಿಸಲು ಓಡಬೇಡಿ. ಅದಕ್ಕೆ ಬೇಕಾದದ್ದು ಕುಡಿಯುವ ನೀರು. ಕಾಫಿ ತಟ್ಟೆಯಷ್ಟು ಆಳವಿಲ್ಲದ ಬಟ್ಟಲಿನ ಅಂಚಿಗೆ ಅದನ್ನು ಮೆಲ್ಲಗೆ ಸರಿಸಿ, ಬಾಯಿಯ ಭಾಗ ಮಾತ್ರ ನೀರಿಗೆ ತಾಗುವಂತೆ ಇಡಬೇಕು. ಹೊಟ್ಟೆ ಮುಳುಗಿದರೆ ಶ್ವಾಸಕೋಶದ ಬಾಗಿಲೇ ಮುಚ್ಚಿಹೋಗುತ್ತದೆ.

ಹಾಗಾದರೆ ಗಾಳಿಯ ಆರ್ದ್ರತೆಯ ಪಾತ್ರವೇನು? ಎಷ್ಟು ವೇಗವಾಗಿ ನೀರು ಹೋಗುತ್ತದೆ ಎಂಬುದನ್ನು ಅದು ನಿರ್ಧರಿಸುತ್ತದೆ. ಅಲ್ಲಿಯೂ ಶೇಕಡಾ ಅಂಕಿ ದಾರಿ ತಪ್ಪಿಸುತ್ತದೆ. ನೋಡಬೇಕಾದದ್ದು ಗಾಳಿಯ ಬಾಯಾರಿಕೆಯನ್ನು, ಅಂದರೆ ಇನ್ನೂ ಎಷ್ಟು ಗ್ರಾಂ ಹೀರಿಕೊಳ್ಳಲು ಅದರಲ್ಲಿ ಜಾಗವಿದೆ ಎಂಬುದನ್ನು. 30 ಡಿಗ್ರಿಯಲ್ಲಿ ಶೇ. 70 ಎಂದರೆ 9 ಗ್ರಾಂ ಬಾಯಾರಿಕೆ. 18 ಡಿಗ್ರಿಯಲ್ಲಿ ಅದೇ ಶೇ. 70 ಎಂದರೆ ನಾಲ್ಕೂವರೆ ಗ್ರಾಂ ಚಿಲ್ಲರೆ. ಎರಡು ಊರಿನ ಎರಡು ಪೆಟ್ಟಿಗೆಗಳಲ್ಲಿ ಮಾಪಕ ಒಂದೇ ಅಂಕಿ ತೋರಿಸುತ್ತಿದ್ದರೂ ಒಂದು ಜೇಡ ಇನ್ನೊಂದಕ್ಕಿಂತ ಇಮ್ಮಡಿ ವೇಗದಲ್ಲಿ ಒಣಗುತ್ತಿರಬಹುದು. ಸಾಕಣೆ ಸೂಚನೆಗಳಲ್ಲಿ ಉಷ್ಣತೆಗೊಂದು ಸಾಲು, ಆರ್ದ್ರತೆಗೊಂದು ಸಾಲು ಬೇರೆ ಬೇರೆ ಬರೆಯುತ್ತಾರಲ್ಲ, ಅದನ್ನು ಕಂಡಾಗ ನನಗೆ ಕೆಂಪು ಶಾಯಿಯ ಪೆನ್ನು ಹುಡುಕುವ ಹಾಗಾಗುತ್ತದೆ.

ಕಾಡಿನ ಜೇಡಕ್ಕೆ ಈ ಯಾವ ಲೆಕ್ಕವೂ ಬೇಕಿಲ್ಲ, ಅದಕ್ಕೆ ಬಿಲ ಇದೆ. ಪಾಠ ಕಲಿಯಲು ಮೆಕ್ಸಿಕೊಗೆ ಹೋಗಬೇಕಾಗಿಯೂ ಇಲ್ಲ. ನಮ್ಮದೇ ಊರಿನ ಹೆಸರು ಹೊತ್ತ ಟರಂಟುಲಾ ಒಂದಿದೆ. ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿದ್ದ ಆರ್.ಐ. ಪೊಕಾಕ್ 1899ರಲ್ಲಿ ಥ್ರಿಗ್ಮೋಪಿಯಸ್ ಟ್ರುಕುಲೆಂಟಸ್ ಎಂದು ಹೆಸರಿಟ್ಟ ಈ ಜೇಡವನ್ನು ಸಂಶೋಧಕರು ಕಾರವಾರದ ದೊಡ್ಡ ಬಿಲಜೇಡ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ಇಲ್ಲ. ರಸ್ತೆಯ ಪಕ್ಕದ ಮಣ್ಣಿನ ಧರೆಯಲ್ಲಿ ಬಿಲ ತೋಡಿ, ಬಾಯಿಗೆ ರೇಷ್ಮೆಯ ಅಂಚು ಕಟ್ಟಿಕೊಂಡು ಇರುತ್ತದೆ. ಆ ಧರೆಗಳನ್ನು ಜೆಸಿಬಿ ಕೆರೆಯುವಾಗ ಏನಾಗುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಧರೆಯ ಮೇಲೆ ಮೇ ತಿಂಗಳ ಮಧ್ಯಾಹ್ನ ಬರಿಗಾಲಿಡಲಾಗದಷ್ಟು ಬಿಸಿ. ಬಿಲದೊಳಗೆ ಮೊಳ ಆಳಕ್ಕೆ ಹೋದರೆ ಹಗಲು ರಾತ್ರಿಗಳ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಮಣ್ಣು ಬಿಸಿಯನ್ನು ನಿಧಾನ ಸಾಗಿಸುತ್ತದೆ. ಹಗಲಿನ ಬಿಸಿ ಒಳಗಿಳಿಯುವಷ್ಟರಲ್ಲಿ ಮೇಲೆ ರಾತ್ರಿಯಾಗಿರುತ್ತದೆ. ಆಳದ ಮಣ್ಣಿನ ಪಸೆ ಬಿಲದ ಸಣ್ಣ ಗಾಳಿಯನ್ನು ಸದಾ ತೇವವಾಗಿಡುತ್ತದೆ. ಮಳೆ ಹೆಚ್ಚಾದರೆ ಜೇಡ ಬಾಯಿಯ ಹತ್ತಿರ ಬರುತ್ತದೆ, ಬಿಸಿಲಾದರೆ ಆಳಕ್ಕೆ ಇಳಿಯುತ್ತದೆ. ಒಂದೇ ಒಂದು ‘ಸರಿಯಾದ’ ಉಷ್ಣತೆ, ಒಂದೇ ಒಂದು ‘ಸರಿಯಾದ’ ಆರ್ದ್ರತೆ ಅದರ ಬದುಕಿನಲ್ಲಿ ಯಾವ ದಿನವೂ ಇಲ್ಲ. ಇರುವುದು ಸರಿದಾಡುವ ಸ್ವಾತಂತ್ರ್ಯ. ನನ್ನ ಮಟ್ಟಿಗೆ ಟರಂಟುಲಾ ಸಾಕಣೆಯ ಅರ್ಧಕ್ಕಿಂತ ಹೆಚ್ಚು ವಿದ್ಯೆ ಇಷ್ಟೇ: ಪೆಟ್ಟಿಗೆಯಲ್ಲಿ ಒಂದು ಕಡೆ ಒಣ, ಒಂದು ಕಡೆ ಪಸೆ, ಮೇಲೆ ಬೆಚ್ಚಗೆ, ಕೆಳಗೆ ತಂಪು ಇರುವಂತೆ ಮಾಡಿ, ಎಲ್ಲಿರಬೇಕೆಂಬ ತೀರ್ಮಾನವನ್ನು ಅದಕ್ಕೇ ಬಿಡುವುದು.

ಮಾರನೆಯ ದಿನ ಬಸ್ಸು ಹಿಡಿದು ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋದೆ. ಮಾವ-ಅಳಿಯ ಸೇರಿ ಮೊದಲು ಕೆಸರಾದ ನಾರಿನ ಪುಡಿಯನ್ನೆಲ್ಲ ತೆಗೆದು ತೆಂಗಿನ ಬುಡಕ್ಕೆ ಹಾಕಿದೆವು. ಹೊಸದಾಗಿ ಒಣ ಪುಡಿಗೆ ಸ್ವಲ್ಪ ಕೆಂಪುಮಣ್ಣು ಬೆರೆಸಿ ಗೇಣಿನ ಅರ್ಧದಷ್ಟು ಎತ್ತರಕ್ಕೆ ಒತ್ತಿ ತುಂಬಿದೆವು. ತೆಂಗಿನ ಗರಟೆಯ ಅರ್ಧ ಹೋಳನ್ನು ಮಗುಚಿ ಹಾಕಿ ಅದರಡಿಗೆ ಬಿಲದ ಮೊದಲ ಹೆಜ್ಜೆಯಾಗಿ ಒಂದು ಗುಳಿ ತೋಡಿಕೊಟ್ಟೆವು. ಮಣ್ಣಿನಿಂದ ಮುಚ್ಚಳದವರೆಗಿನ ಎತ್ತರ ಜೇಡದ ಕಾಲ್ಚಾಚಿನ ಒಂದೂವರೆ ಪಟ್ಟಿಗಿಂತ ಹೆಚ್ಚಿರದಂತೆ ನೋಡಿಕೊಂಡೆವು. ಎತ್ತರದಿಂದ ಬಿದ್ದರೆ ಅದರ ಹೊಟ್ಟೆ ಒಡೆಯುತ್ತದೆ.

ಆಮೇಲೆ ಗಾಳಿ. ಹಳೆಯ ಪೆಟ್ಟಿಗೆಯ ಮುಚ್ಚಳದಲ್ಲಿ ಮಾತ್ರ ರಂಧ್ರಗಳಿದ್ದವು, ಅವಕ್ಕೂ ಅರ್ಧ ಟೇಪು. ಕಾಯಿಸಿದ ಮೊಳೆಯಿಂದ ಒಂದು ಬದಿಯಲ್ಲಿ ಮಣ್ಣಿಗಿಂತ ತುಸು ಮೇಲೆ ಒಂದು ಸಾಲು, ಎದುರು ಬದಿಯಲ್ಲಿ ಮುಚ್ಚಳದ ಹತ್ತಿರ ಇನ್ನೊಂದು ಸಾಲು ರಂಧ್ರ ಮಾಡಿದೆವು, ಜೇಡ ತಲೆ ತೂರಿಸಲಾಗದಷ್ಟು ಸಣ್ಣವು. ಇದಕ್ಕೆ ಕಾರಣವಿದೆ. ತೇವದ ಗಾಳಿ ಒಣಗಾಳಿಗಿಂತ ಭಾರ ಎಂದು ಬಹಳ ಜನ ತಿಳಿದಿದ್ದಾರೆ, ಮಳೆಗಾಲದ ಗಾಳಿ ಮೈಮೇಲೆ ಹೇರಿದಂತೆ ಅನ್ನಿಸುವುದರಿಂದ ಇರಬೇಕು. ನಿಜ ತಿರುಗಮುರುಗ. ನೀರಿನ ಅಣು ಸಾರಜನಕ, ಆಮ್ಲಜನಕಗಳ ಅಣುಗಳಿಗಿಂತ ಹಗುರ. ಅವುಗಳ ಜಾಗವನ್ನು ಅದು ತುಂಬಿದಾಗ ಗಾಳಿ ಹಗುರಾಗುತ್ತದೆ. ಪೆಟ್ಟಿಗೆಯ ತೇವಗಾಳಿ ಮೇಲೆದ್ದು ಎತ್ತರದ ರಂಧ್ರದಿಂದ ಹೋಗುತ್ತದೆ, ಕೆಳಗಿನ ಸಾಲಿನಿಂದ ಹೊಸ ಗಾಳಿ ಬರುತ್ತದೆ. ಫ್ಯಾನು ಬೇಡ, ಕರೆಂಟು ಬೇಡ.

ಕರಾವಳಿಯಲ್ಲಿ ಜೇಡಕ್ಕೆ ತೇವ ಒದಗಿಸುವ ಚಿಂತೆ ಮಳೆಗಾಲದಲ್ಲಿ ಬೇಕಾಗಿಲ್ಲ. ನಿಂತ ಗಾಳಿಯ ಚಿಂತೆ ಬೇಕು. ದಕ್ಷಿಣ ಅಮೆರಿಕದ ಮಳೆಕಾಡಿನ ಮರಗಳಲ್ಲಿ ವಾಸಿಸುವ ಅವಿಕ್ಯುಲೇರಿಯಾ ಎಂಬ ಟರಂಟುಲಾಗಳ ಕತೆ ಇದಕ್ಕೆ ಸಾಕ್ಷಿ. ಮಳೆಕಾಡಿನವು ಎಂಬ ಕಾರಣಕ್ಕೆ ಅವನ್ನು ಮುಚ್ಚಿದ ಒದ್ದೆ ಡಬ್ಬಿಯಲ್ಲಿಟ್ಟು ಸಾಕಿದವರು ಅನೇಕ ಜೇಡಗಳನ್ನು ಕಳೆದುಕೊಂಡರು. ಮಳೆಕಾಡಿನ ಮರದ ಮೇಲೆ ತೇವವೂ ಇದೆ, ಬೀಸುವ ಗಾಳಿಯೂ ಇದೆ. ಡಬ್ಬಿಯಲ್ಲಿ ಮೊದಲನೆಯದು ಮಾತ್ರ ಇತ್ತು. ಬೂಷ್ಟು ಸ್ವತಃ ಗಟ್ಟಿಮುಟ್ಟಾದ ದೊಡ್ಡ ಜೇಡವನ್ನು ತಿಂದುಹಾಕುವುದು ಅಪರೂಪ, ಆದರೆ ಅದು ಗಾಳಿ ಕಟ್ಟಿದ ಕೋಣೆಯ ಫಲಕ. ತಿಂದುಳಿದ ಜಿರಳೆಯ ಚೂರುಗಳನ್ನು ಮರುದಿನವೇ ತೆಗೆದರೆ ಬೂಷ್ಟಿನ ಅರ್ಧ ಆಹಾರ ತಪ್ಪುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿಗೆ ಒಂದು ಹನಿಯನ್ನೂ ಹಾಕಬೇಡ, ಬಟ್ಟಲಿನಲ್ಲಿ ಮಾತ್ರ ನೀರಿರಲಿ ಎಂದು ಹುಡುಗನಿಗೆ ಹೇಳಿದೆ. ಅಕ್ಟೋಬರ್ ಕಳೆದ ಮೇಲೆ ಹದಿನೈದು ದಿನಕ್ಕೊಮ್ಮೆ ಒಂದು ಮೂಲೆಗೆ, ಗೋಡೆಯ ಅಂಚಿನಲ್ಲಿ, ನೀರು ಕೆಳಗಿಳಿಯುವಂತೆ ಸುರಿಯಬಹುದು. ಮೇಲ್ಪದರ ಒಣಗಿಯೇ ಇದ್ದು ತಳದಲ್ಲಿ ಪಸೆ ನಿಲ್ಲಬೇಕು. ಹದ ನೋಡಲು ಯಂತ್ರ ಬೇಡ. ಆ ಮೂಲೆಯ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಹನಿ ಬೀಳಬಾರದು. ನೀರು ಚಿಮುಕಿಸುವ ಬಾಟಲಿಯನ್ನು ಅಕ್ಕ ತನ್ನ ತುಳಸಿಗೆಂದು ಎತ್ತಿಕೊಂಡಳು.

‘ಬಟ್ಟಲಿಗೆ ಸ್ಪಂಜು ಹಾಕಬೇಕಂತಲ್ಲ ಮಾವ?’ ಎಂದ. ಬೇಡ. ಸ್ಪಂಜು ಹಾಕಿದರೆ ಎರಡೇ ದಿನಕ್ಕೆ ನಾರುತ್ತದೆ. ಜೇಡಕ್ಕೆ ನೀರು ಕುಡಿಯಲು ಯಾರೂ ಕಲಿಸಬೇಕಿಲ್ಲ.

ಇನ್ನೆರಡು ವಿಷಯ. ಮಳೆಗಾಲದಲ್ಲಿ ಇರುವೆಗಳು ಮನೆಯೊಳಗೆ ನುಗ್ಗುತ್ತವೆ. ಹಿಂದೆ ತಿಂಡಿಯ ಕಪಾಟಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿಡುತ್ತಿದ್ದರಲ್ಲ, ಜೇಡದ ಮೇಜಿಗೂ ಅದೇ ಉಪಾಯ. ಸೊಳ್ಳೆಬತ್ತಿ ಮತ್ತು ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆ ಔಷಧ ಆ ಕೋಣೆಯಲ್ಲಿ ಖಂಡಿತ ಕೂಡದು. ಸೊಳ್ಳೆಯ ನರಗಳನ್ನು ಕೆಡಿಸುವ ವಿಷಕ್ಕೆ ಜೇಡ ಹೊರತಲ್ಲ. ಸೊಳ್ಳೆಪರದೆ ಕಟ್ಟಿಕೊಂಡು ಮಲಗಲಿ.

ಒಂದು ವಾರದಲ್ಲಿ ಜೇಡ ಗರಟೆಯಡಿಗೆ ಹೋಯಿತು. ಹತ್ತನೇ ದಿನ ತಿಂದಿತು.

ಡಿಸೆಂಬರಿನಲ್ಲಿ ಅಳಿಯ ಮೂರು ತಿಂಗಳ ತರಬೇತಿಗೆಂದು ಬೆಂಗಳೂರಿಗೆ ಹೊರಟ. ಜೇಡ ನಮ್ಮ ಮನೆಗೆ ಬಂತು. ಸುಮಾರು 590 ಮೀಟರ್ ಎತ್ತರದ ಶಿರಸಿಯಲ್ಲಿ ಲೆಕ್ಕವೇ ಬೇರೆ. ಜನವರಿಯ ಬೆಳಗಿನ ಜಾವ 15 ಡಿಗ್ರಿ, ಶೇ. 90 ಆರ್ದ್ರತೆ ಎಂದಿಟ್ಟುಕೊಳ್ಳಿ. ಅಡಿಕೆ ಸೋಗೆಯಿಂದ ಇಬ್ಬನಿ ತೊಟ್ಟಿಕ್ಕುತ್ತಿರುತ್ತದೆ. ಗಾಳಿಯಲ್ಲಿರುವ ನೀರು ಹನ್ನೊಂದೂವರೆ ಗ್ರಾಂ. ಅದೇ ಗಾಳಿ ಮಧ್ಯಾಹ್ನ 29 ಡಿಗ್ರಿಗೆ ಏರಿದಾಗ, ಒಂದು ಹನಿ ನೀರೂ ಎಲ್ಲಿಗೂ ಹೋಗದೆ, ಆರ್ದ್ರತೆ ಶೇ. 40ಕ್ಕೆ ಇಳಿಯುತ್ತದೆ. ಅಂಗಳದಲ್ಲಿ ಹರವಿದ ಅಡಿಕೆ ಒಣಗುವುದು ಈ ಕೃಪೆಯಿಂದ. ಬಾಯಾರಿಕೆಯ ಲೆಕ್ಕದಲ್ಲಿ ಹೇಳಿದರೆ ಕಾರವಾರದ ಜುಲೈಯಲ್ಲಿ ಎರಡೂವರೆ ಗ್ರಾಂ ಇದ್ದದ್ದು ಶಿರಸಿಯ ಜನವರಿ ಮಧ್ಯಾಹ್ನ ಹದಿನೇಳು ಗ್ರಾಂ, ಏಳು ಪಟ್ಟು. ಅದೇ ಜೇಡ, ಅದೇ ಪೆಟ್ಟಿಗೆ. ಇಲ್ಲಿ ನಾನು ಮುಚ್ಚಳದ ಹತ್ತಿರದ ರಂಧ್ರಗಳಲ್ಲಿ ಕೆಲವನ್ನು ಮುಚ್ಚಿದೆ, ಮೂಲೆಗೆ ವಾರಕ್ಕೊಮ್ಮೆ ನೀರು ಸುರಿದೆ. ಕಾರವಾರದಲ್ಲಿ ನಾನೇ ಹರಿದು ಬಿಸಾಡಿದ ಸಲಹೆಗಳ ಪೈಕಿ ಎರಡನ್ನು ಇಲ್ಲಿ ನಾನೇ ಪಾಲಿಸುತ್ತಿದ್ದೇನೆ ಎಂದು ಅಳಿಯ ಫೋನಿನಲ್ಲಿ ನಕ್ಕ.

ಚಳಿಯ ಬಗ್ಗೆ ಮನೆಯವಳಿಗೆ ಆತಂಕ. ‘ಪಾಪ, ಅದಕ್ಕೊಂದು ಕಂಬಳಿಯಾದರೂ ಹೊದಿಸಿ’ ಎಂದಳು. ತಾನೇ ಬಿಸಿ ಉತ್ಪಾದಿಸದ ಮೈಗೆ ಕಂಬಳಿ ಹೊದಿಸಿದರೆ ಕಂಬಳಿಯೇ ತಣ್ಣಗಿರುತ್ತದೆ. ನಮಗೆ ಅದು ಬೆಚ್ಚಗಾಗುವುದು ಅದರೊಳಗೊಂದು ಒಲೆ, ಅಂದರೆ ನಾವು, ಇರುವುದರಿಂದ. ಜೇಡದ ಮೈಯ ಉಷ್ಣತೆ ಸುತ್ತಲಿನ ಉಷ್ಣತೆಯೇ. ಹತ್ತು ಡಿಗ್ರಿ ಇಳಿದರೆ ಅದರ ಒಳಗಿನ ಕೆಲಸಗಳ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಕಡಿಮೆ ತಿನ್ನುತ್ತದೆ, ಕಡಿಮೆ ಓಡಾಡುತ್ತದೆ, ನಿಧಾನ ಬೆಳೆಯುತ್ತದೆ. 24ರಿಂದ 28 ಡಿಗ್ರಿ ಇದಕ್ಕೆ ಸುಖ, 20ರಲ್ಲೂ ತೊಂದರೆಯಿಲ್ಲ. ನಮ್ಮ ಮಣ್ಣಿನ ಗೋಡೆಯ ಒಳಕೋಣೆಯಲ್ಲಿ ಹೊರಗೆ 15 ಇದ್ದಾಗಲೂ 19ಕ್ಕಿಂತ ಕೆಳಗೆ ಇಳಿಯಲಿಲ್ಲ. ಎರಡು ಮೂರು ಗಡಗಡ ರಾತ್ರಿಗಳಲ್ಲಿ ಪೆಟ್ಟಿಗೆಯನ್ನು ದೊಡ್ಡ ಥರ್ಮೊಕೋಲ್ ಡಬ್ಬಿಯೊಳಗಿಟ್ಟು, ಪಕ್ಕದಲ್ಲಿ ಬಿಸಿನೀರು ತುಂಬಿದ ಬಾಟಲಿ ಇಟ್ಟೆ. ಕಾರವಾರದಿಂದ ಬರುವಾಗ ಅಳಿಯ ಮೀನು ಸಾಗಿಸುವ ಡಬ್ಬಿಯೊಂದನ್ನು ಜೊತೆಗೆ ಕೊಟ್ಟಿದ್ದ. ಅದನ್ನು ನಮ್ಮ ಮನೆಯ ಹೊಸ್ತಿಲು ದಾಟಿಸುವ ಧೈರ್ಯ ನನಗಾಗಲಿಲ್ಲ, ಔಷಧ ಅಂಗಡಿಯಿಂದ ಬೇರೊಂದನ್ನು ತಂದೆ.

ಪೆಟ್ಟಿಗೆಯಡಿಗೆ ಹಾಸುವ ವಿದ್ಯುತ್ ತಾಪಕ ಸಿಗುತ್ತದೆ. ಬಿಲಜೇಡಕ್ಕೆ ಅದನ್ನು ಕೆಳಗಿನಿಂದ ಕೊಡುವುದು ದ್ರೋಹ ಎನ್ನುತ್ತೇನೆ. ಬಿಸಿಯಾದರೆ ಆಳಕ್ಕೆ ಇಳಿ ಎಂದು ಲಕ್ಷಾಂತರ ವರ್ಷಗಳಿಂದ ಅದರ ಮೈಯಲ್ಲಿ ಬರೆದಿದೆ. ಕೆಳಗಿನಿಂದ ಕಾಯಿಸಿದರೆ ಇಳಿದಷ್ಟೂ ಬಿಸಿ ಹೆಚ್ಚುತ್ತದೆ, ತನ್ನ ಬುದ್ಧಿಯನ್ನು ನಂಬಿದ್ದಕ್ಕೇ ಸಾಯುತ್ತದೆ. ಬೇಕೇಬೇಕಾದರೆ ಪಕ್ಕದ ಗೋಡೆಗೆ, ಉಷ್ಣತೆ ನಿಯಂತ್ರಿಸುವ ಸಾಧನದೊಡನೆ. ಕಿಟಕಿಯ ಬಿಸಿಲಂತೂ ಮಾತೇ ಇಲ್ಲ. ಮುಚ್ಚಿದ ಪಾರದರ್ಶಕ ಪೆಟ್ಟಿಗೆ ಬಿಸಿಲಿನಲ್ಲಿ ಅರ್ಧ ಗಂಟೆಯಲ್ಲಿ ಒಲೆಯಾಗುತ್ತದೆ. ಟರಂಟುಲಾ ನಾಲ್ಕು ದಿನದ ಚಳಿಯನ್ನು ತಡೆದೀತು, ನಲವತ್ತು ದಾಟಿದ ಒಂದು ಮಧ್ಯಾಹ್ನವನ್ನು ತಡೆಯುವುದು ಕಷ್ಟ.

ಫೆಬ್ರುವರಿಯ ಒಂದು ಬೆಳಿಗ್ಗೆ ಮನೆಯವಳು ಹೌಹಾರಿ ಕೂಗಿದಳು. ಜೇಡ ಅಂಗಾತ ಬಿದ್ದಿತ್ತು, ಎಂಟೂ ಕಾಲು ಮೇಲೆ. ನನಗೂ ಎದೆ ಧಸಕ್ಕೆಂದಿತು, ಓದಿಕೊಂಡಿದ್ದು ನೆನಪಾಗುವವರೆಗೆ. ಸಾಯುವ ಜೇಡ ಸಾಮಾನ್ಯವಾಗಿ ಬೋರಲಾಗಿಯೇ ಇದ್ದು ಕಾಲುಗಳನ್ನು ಮೈಯಡಿಗೆ ಮಡಚಿಕೊಳ್ಳುತ್ತದೆ. ಅಂಗಾತ ಮಲಗುವುದು ಪೊರೆ ಕಳಚಲು. ಹಿಂದಿನ ಮೂರು ವಾರ ಅದು ಉಪವಾಸವಿದ್ದದ್ದು, ಹೊಟ್ಟೆಯ ಮೇಲೆ ಕೂದಲುದುರಿದ ಜಾಗ ಕಪ್ಪಾಗಿದ್ದು ಇದರ ಮುನ್ಸೂಚನೆಯಾಗಿತ್ತು. ನೀರಿನ ಮಹತ್ವ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಈಗ. ಹಳೆಯ ಕವಚಕ್ಕೂ ಹೊಸದಕ್ಕೂ ನಡುವೆ ದ್ರವ ತುಂಬಬೇಕು. ರಕ್ತದ ಒತ್ತಡ ಏರಿಸಿ ಹಳೆಯ ಕವಚದ ಮುಚ್ಚಳ ತೆರೆಯಬೇಕು. ಎಂಟು ಕಾಲುಗಳನ್ನೂ ಒಳಗಿನಿಂದ ಎಳೆದುಕೊಳ್ಳಬೇಕು. ಮೈಯಲ್ಲಿ ನೀರು ಸಾಲದಿದ್ದರೆ ಕಾಲು ಹಳೆಯ ಕವಚದಲ್ಲೇ ಸಿಕ್ಕಿಕೊಳ್ಳುತ್ತದೆ. ಆದರೆ ಆ ನೀರನ್ನು ಅದು ಹಿಂದಿನ ವಾರಗಳಲ್ಲೇ ಕುಡಿದಿಟ್ಟುಕೊಂಡಿರಬೇಕು. ಅಂಗಾತ ಮಲಗಿದ ಮೇಲೆ ಗಾಬರಿಯಿಂದ ನೀರು ಚಿಮುಕಿಸಿದರೆ ಪ್ರಯೋಜನವಿಲ್ಲ, ತೊಂದರೆಯೇ ಹೆಚ್ಚು. ಬಾಗಿಲು ಮುಂದೆ ಮಾಡಿ ನಾವಿಬ್ಬರೂ ಹೊರಗೆ ಕುಳಿತೆವು. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಯಲ್ಲಿ ಎರಡು ಜೇಡಗಳಿದ್ದಂತೆ ಕಾಣುತ್ತಿತ್ತು, ಒಂದು ಖಾಲಿ, ಇನ್ನೊಂದು ಈಗಷ್ಟೇ ಬಣ್ಣ ಹಚ್ಚಿದಂತೆ. ಕೋರೆಹಲ್ಲು ಗಟ್ಟಿಯಾಗಲಿ ಎಂದು ಎರಡು ವಾರ ಅದಕ್ಕೆ ಊಟ ಕೊಡಲಿಲ್ಲ.

ಈ ಕತೆ ಕೇಳಿದ ಪಕ್ಕದ ತೋಟದ ಹುಡುಗನೊಬ್ಬ, ‘ಮಾಸ್ತರರೇ, ನಮ್ಮ ಧರೆಯಲ್ಲೂ ಅಂಥದೊಂದಿದೆ, ಹಿಡಿದು ತರಲೇ?’ ಎಂದು ಕೇಳಿದ. ಬೇಡವೆಂದೆ. ಪಶ್ಚಿಮಘಟ್ಟದ ಜೇಡ ತನ್ನ ಧರೆಯಲ್ಲಿ ನಮಗಿಂತ ಚೆನ್ನಾಗಿ ತನ್ನನ್ನು ನೋಡಿಕೊಳ್ಳುತ್ತದೆ. ಮರದ ಪೊಟರೆಗಳಲ್ಲಿರುವ ನಮ್ಮ ಪೊಸಿಲೊಥೀರಿಯಾ ಜೇಡಗಳು ಸಾಕುವವರ ಹುಚ್ಚಿಗೆ ಸಿಕ್ಕಿ, 2019ರಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಬೇಕಾಯಿತು. ಅಳಿಯನ ಮೆಕ್ಸಿಕೊ ಜೇಡದ ಕುಲ ಅದಕ್ಕೂ ಹಿಂದಿನಿಂದಲೇ ಆ ಪಟ್ಟಿಯಲ್ಲಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ ಇಂಥ ವಿದೇಶಿ ಜೀವಿಗಳನ್ನು ನಾಲ್ಕನೇ ಅನುಸೂಚಿಗೆ ತಂದಿದೆ, 2024ರ ನಿಯಮಗಳ ಪ್ರಕಾರ ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಅಳಿಯನ ಪೆಟ್ಟಿಗೆಯ ಬದಿಗೆ ಆ ಕಾಗದದ ಪ್ರತಿ ಅಂಟಿಸಿಯೇ ಇದೆ.

ಜೇಡ ಮಾರ್ಚಿನಲ್ಲಿ ಘಟ್ಟ ಇಳಿಯಿತು. ಹೋಗುವ ಮೊದಲು ಮುಚ್ಚಿದ್ದ ರಂಧ್ರಗಳನ್ನೆಲ್ಲ ತೆರೆದೆ. ಮೇ ತಿಂಗಳಲ್ಲಿ ನಾನು ಕಾರವಾರಕ್ಕೆ ಹೋದಾಗ ಅಕ್ಕನ ಮನೆಯ ತಾರಸಿಯ ತುಂಬ ಹಲಸಿನ ಹಪ್ಪಳ. ಜುಲೈಯಲ್ಲಿ ಒಣ ನಾರಿನ ಪುಡಿ ಎಲ್ಲಿಂದ ತರುವುದು ಎಂಬುದು ನಮಗೆ ಹಿಂದಿನ ವರ್ಷ ಪಾಠವಾಗಿತ್ತು. ಅಳಿಯ ಒಂದು ಮೂಟೆ ಪುಡಿಯನ್ನು ಮೇಲಕ್ಕೆ ತಂದು ಹಳೆಯ ಸೀರೆಯ ಮೇಲೆ ಹರವಿದ. ನಾಲ್ಕು ದಿನದ ಬಿಸಿಲಿನಲ್ಲಿ ಕಾಯಿಸಿ ಬಿಗಿ ಮುಚ್ಚಳದ ಡಬ್ಬದಲ್ಲಿ ತುಂಬಿಟ್ಟರೆ ಮಳೆಗಾಲ ಕಳೆಯುತ್ತದೆ. ಅಕ್ಕ ಸೊಂಟಕ್ಕೆ ಕೈಕೊಟ್ಟು ನೋಡುತ್ತ ನಿಂತಿದ್ದಳು.

‘ತಮ್ಮಾ, ಜೇಡದ ಹಾಸಿಗೆ ಆ ಕಡೆಗೆ ಹೋಗಲಿ. ಹಪ್ಪಳ ಈ ಕಡೆಗೆ. ಗಾಳಿ ಅಲ್ಲಿಂದ ಇಲ್ಲಿಗೆ ಬೀಸುತ್ತಿದೆ, ಅದನ್ನೂ ನಾನೇ ಹೇಳಿಕೊಡಬೇಕೇ ನಿನಗೆ?’ ಎಂದಳು.

ಗಾಳಿ ಬೀಸುತ್ತಿದ್ದದ್ದು ನಿಜ. ಸೀರೆಯನ್ನು ಎಳೆದು ತಾರಸಿಯ ಇನ್ನೊಂದು ತುದಿಗೆ ಹಾಕಿದೆವು.